ಅಪ್ಪನ ಪಟ್ಟು

ಮಕ್ಕಳಲ್ಲಿ ಯಾರ ಮೇಲೆ ಹೆಚ್ಚು ಪ್ರೀತಿ ಅಂತ ಚಿಕ್ಕಜಾಜೂರಿನ ಯಾವ ಅಪ್ಪನನ್ನಾದರೂ ಕೇಳಿ ನೋಡಿ. ‘ಎಲ್ಲಾ ಒಂದೇ ಕಣ್ರೀ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚೋಕಾಗುತ್ತಾ?’ ಅನ್ನುತ್ತಾನೆ. ಸ್ವಲ್ಪ ತಾಳಬೇಕು. ಟೀ ಬರಬೇಕು, ಭೀಮಸಮುದ್ರದಲ್ಲಿ ಇವತ್ತು ಅಡಿಕೆ ರೇಟು ಎಷ್ಟಾಯಿತು ಅನ್ನೋದು ಮುಗಿಯಬೇಕು, ಮಳೆಯನ್ನು ಒಂದಿಷ್ಟು ಬೈದಾಗಬೇಕು. ಆಮೇಲೆ ಪಟ್ಟಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ‘ದೊಡ್ಡೋನು ಪರ್ವಾಗಿಲ್ಲ, ಇಂಜಿನಿಯರ್ ಆದ. ನಡುವಿನೋನು ನೀಟ್‌ಗೆ ಕೂತವ್ನೆ, ಬಂದ್ರೂ ಬರಬಹುದು. ಕೊನೇದು ಐತಲ್ಲ, ಅದು ದಂಡಪಿಂಡ.’

ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಫ್ರಿಟ್ಜ್ ವಾನ್ ಎರಿಕ್ ಎಂಬ ಅಪ್ಪನಿಗೆ ಟೀ ಬರುವ ತನಕ ಕಾಯುವಷ್ಟು ಸಂಕೋಚವೂ ಇರಲಿಲ್ಲ. 2023ರ ಡಿಸೆಂಬರ್ 22ಕ್ಕೆ ಅಲ್ಲಿ ಬಿಡುಗಡೆಯಾದ ‘ದಿ ಐರನ್ ಕ್ಲಾ’ ಸಿನಿಮಾದಲ್ಲಿ ಆತ ಬೆಳಗಿನ ತಿಂಡಿಯ ಮೇಜಿನಲ್ಲೇ, ಮಕ್ಕಳೆಲ್ಲ ಎದುರಿಗೆ ಕೂತಿರುವಾಗಲೇ, ಯಾರು ಎಷ್ಟನೆಯ ಇಷ್ಟ ಅಂತ ರ‍್ಯಾಂಕ್ ಪ್ರಕಟಿಸುತ್ತಾನೆ. ಮೊದಲ ಸ್ಥಾನ ಕೆರ್ರಿಗೆ, ಕೊನೆಯ ಸ್ಥಾನ ಮೈಕ್‌ಗೆ. ಜೊತೆಗೊಂದು ಷರಾ: ರ‍್ಯಾಂಕು ಶಾಶ್ವತವಲ್ಲ, ದುಡಿದರೆ ಮೇಲೇರಬಹುದು, ಇಲ್ಲದಿದ್ದರೆ ಇಳಿಯಬಹುದು. ಮಕ್ಕಳು ತಲೆ ಬಗ್ಗಿಸಿ ಮೊಟ್ಟೆ ತಿನ್ನುತ್ತಾರೆ. ಅಮ್ಮ ಸುಮ್ಮನಿರುತ್ತಾಳೆ. ನಮ್ಮೂರಿನ ಅಪ್ಪಂದಿರು ಈ ಸಿನಿಮಾ ನೋಡಿದರೆ ‘ಪಾಪ, ಎಂಥಾ ಅಪ್ಪ’ ಅಂತ ಮರುಗುವುದು ಖಂಡಿತ. ಮರುಗಿ, ಎದ್ದು, ಮಗನ ಕೋಣೆಯ ಬಾಗಿಲು ತಳ್ಳಿ ‘ಮಾಕ್ ಟೆಸ್ಟ್‌ನಾಗೆ ಎಷ್ಟು ಬಂತು?’ ಅಂತ ಕೇಳುವುದೂ ಖಂಡಿತ.

ಫ್ರಿಟ್ಜ್‌ನ ನಿಜನಾಮ ಜ್ಯಾಕ್ ಆಡ್ಕಿಸನ್. ಅಪ್ಪಟ ಟೆಕ್ಸಾಸಿನವನು. ಎರಡನೇ ಮಹಾಯುದ್ಧ ಮುಗಿದು ಅಮೆರಿಕನ್ನರಿಗೆ ಜರ್ಮನರೆಂದರೆ ಮೈ ಉರಿಯುತ್ತಿದ್ದ ಕಾಲದಲ್ಲಿ, ಆತ ಜರ್ಮನ್ ಹೆಸರಿಟ್ಟುಕೊಂಡು ನಾಜಿ ಖಳನ ವೇಷದಲ್ಲಿ ರಿಂಗಿಗಿಳಿದ. ಜನ ಉಗಿದರು, ಟಿಕೆಟ್ಟು ಖರ್ಚಾಯಿತು. ಎದುರಾಳಿಯ ಹಣೆಗೆ ಐದೂ ಬೆರಳು ಒತ್ತಿ, ಕಪಾಲವನ್ನೇ ಹಿಂಡುವ ಪಟ್ಟು ಅವನದು. ಅದರ ಹೆಸರೇ ಸಿನಿಮಾದ ಹೆಸರು. ಮುಂದೆ ಡಲ್ಲಾಸ್‌ನಲ್ಲಿ ತಾನೇ ಕುಸ್ತಿ ನಡೆಸುವ ಗುತ್ತಿಗೆದಾರನಾದಾಗ ಖಳನಾಗಿದ್ದರೆ ಲಾಭವಿಲ್ಲ ಅನ್ನಿಸಿ ಊರಿನ ಹೀರೋ ಆದ. ಜನ ಅದನ್ನೂ ನಂಬಿದರು. ಇಲ್ಲಿ ನಾವು ಅವರನ್ನು ನೋಡಿ ನಗುವ ಹಾಗಿಲ್ಲ. ಬೆಳಿಗ್ಗೆ ಒಂದು ಪಕ್ಷದ ಕಚೇರಿಯಲ್ಲಿ ಖಳನಾಗಿದ್ದವರನ್ನು ಸಂಜೆ ಇನ್ನೊಂದು ಪಕ್ಷದ ಕಚೇರಿಯಲ್ಲಿ ಶಾಲು ಹೊದಿಸಿ ಹೀರೋ ಮಾಡಿದ ಅನುಭವ ನಮಗೆ ಸಾಕಷ್ಟಿದೆ.

ಈ ವೇಷದ ಹೆಸರನ್ನೇ ಗಂಡುಮಕ್ಕಳೂ ಹೊತ್ತರು. ಆರು ಜನ. ಮೊದಲನೆಯವನು ಜ್ಯಾಕ್ ಜೂನಿಯರ್ 1959ರಲ್ಲಿ, ಆರನೇ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡ. ಜಪಾನ್‌ಗೆ ಕುಸ್ತಿಗೆಂದು ಹೋದ ಡೇವಿಡ್ 1984ರ ಫೆಬ್ರುವರಿ 10ರಂದು ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಹೆಣವಾದ. ಕರುಳಿನ ಉರಿಯೂತ ಎಂದರು. ಮೈಕ್ 1987ರಲ್ಲಿ, ಕ್ರಿಸ್ 1991ರಲ್ಲಿ, ಕೆರ್ರಿ 1993ರಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಫ್ರಿಟ್ಜ್ ಸತ್ತದ್ದು 1997ರಲ್ಲಿ. ಅಂದರೆ ಆರು ಗಂಡುಮಕ್ಕಳ ಅಪ್ಪ ಐವರನ್ನು ಮಣ್ಣು ಮಾಡಿ ಆಮೇಲೆ ಹೋದ. ಉಳಿದವನು ಕೆವಿನ್ ಒಬ್ಬನೇ. ಅವನ ಕಣ್ಣಿನಿಂದಲೇ ಸಿನಿಮಾ ನಡೆಯುತ್ತದೆ. ಝಾಕ್ ಎಫ್ರಾನ್ ಆ ಪಾತ್ರಕ್ಕಾಗಿ ಮೈಯನ್ನು ಎಷ್ಟು ಉಬ್ಬಿಸಿದ್ದಾನೆಂದರೆ, ಅಳುವ ದೃಶ್ಯದಲ್ಲೂ ಮೊದಲು ಕಣ್ಣಿಗೆ ಬೀಳುವುದು ಭುಜ.

ಪ್ರೊಫೆಷನಲ್ ಕುಸ್ತಿ ಎಂದರೆ ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟ ಕುಸ್ತಿ. ನಮ್ಮಲ್ಲೂ ಬಹಳ ಮಂದಿ ಟಿ.ವಿ.ಯಲ್ಲಿ ಡಬ್ಲ್ಯುಡಬ್ಲ್ಯುಇ ನೋಡಿ ‘ಎಲ್ಲಾ ನಾಟಕ ಕಣೋ’ ಎಂದು ಬುದ್ಧಿವಂತರಾಗುತ್ತಾರೆ. ಎತ್ತಿ ಒಗೆಯುವುದು ನಾಟಕ ಹೌದು. ಬೀಳುವ ಬೆನ್ನುಮೂಳೆ ಮಾತ್ರ ನಾಟಕದ್ದಲ್ಲ. ಕೆರ್ರಿ 1986ರಲ್ಲಿ ಬೈಕ್ ಅಪಘಾತ ಮಾಡಿಕೊಂಡ. ಬಲಪಾದವನ್ನೇ ತೆಗೆಯಬೇಕಾಯಿತು. ಅದನ್ನು ಪ್ರೇಕ್ಷಕರಿಂದ ಮುಚ್ಚಿಟ್ಟು, ಬೂಟಿನೊಳಗೆ ಕೃತಕ ಪಾದ ತೊಟ್ಟು, ಕುಸ್ತಿ ಮುಂದುವರಿಸಿದ. 1990ರಲ್ಲಿ ಅದೇ ಕಾಲಿನಲ್ಲಿ ಇಂಟರ್‌ಕಾಂಟಿನೆಂಟಲ್ ಬೆಲ್ಟನ್ನೂ ಗೆದ್ದ, ಅಥವಾ ಅವನಿಗೆ ಗೆಲ್ಲಿಸಿಕೊಟ್ಟರು. ನಾಟಕ ಎನ್ನುವವರು ಆ ಬೂಟು ಬಿಚ್ಚಿ ನೋಡಬೇಕಿತ್ತು.

ನಮ್ಮ ಕಡೆಯ ಹಳೆಯ ಪೈಲ್ವಾನರೊಬ್ಬರಿಗೆ ಈ ಬರೆದಿಟ್ಟ ಕುಸ್ತಿಯ ವಿಷಯ ಹೇಳಿದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಗಳಲ್ಲಿ ಮಣ್ಣು ತಿಂದವರು. ಈಗ ಮಂಡಿ ಮಡಚಲಾಗದೆ ಜಗುಲಿಯ ಮೇಲೆ ಕಾಲು ಚಾಚಿಕೊಂಡೇ ಕೂರುತ್ತಾರೆ. ‘ಅಂದ್ರೆ ಯಾರು ಚಿತ್ ಆಗ್ಬೇಕು ಅಂತ ಮೊದ್ಲೇ ಗೊತ್ತಿರ್ತತೇನು?’ ಎಂದು ಕೇಳಿದರು.

‘ಹೌದು ಯಜಮಾನ್ರೇ, ಇಬ್ಬರಿಗೂ ಗೊತ್ತಿರುತ್ತೆ.’

‘ಬೀಳೋನಿಗೂ?’

‘ಅವನಿಗೇ ಮೊದಲು ಹೇಳಿರ್ತಾರೆ.’

ಅವರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರಿದರು. ‘ನಮ್ಮಲ್ಲೂ ಸಮ ಮಾಡ್ಕೊಳ್ಳಾದು ಇತ್ತು ಸ್ವಾಮಿ, ಇಲ್ಲ ಅನ್ನಲ್ಲ. ಒಂದೂರಿನೋರು, ನೆಂಟ್ರು, ಬ್ಯಾಡ ಅಂತ ಬಿಡಿಸ್ತಿದ್ರು. ಆದ್ರೆ ಬೀಳೋಕೆ ಅಂತ್ಲೇ ಮಗನ್ನ ಸಾಕ್ತಿರ್ಲಿಲ್ಲ.’

ಗರಡಿಯ ಮಣ್ಣಿನ ಬಗ್ಗೆ ಕೇಳಿದರೆ ಅವರ ಮುಖ ಬೇರೆಯೇ ಆಗುತ್ತದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ಆರಿಸಿ, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡುತ್ತಿದ್ದರಂತೆ. ಬಿದ್ದರೂ ಮೈ ತರಚಬಾರದು, ಗಾಯ ಕೀವು ಕಟ್ಟಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ಬೀಳುವವನಿಗಾಗಿ ಇಷ್ಟು ಯೋಚಿಸಿದ ಗರಡಿಮನೆ ಈಗ ಬಹುತೇಕ ಕಡೆ ಬೀಗ ಹಾಕಿಸಿಕೊಂಡಿದೆ. ಪಕ್ಕದಲ್ಲಿ ಜಿಮ್ ತೆರೆದಿದೆ. ಮಾಜಿ ಕುಸ್ತಿಪಟುಗಳಿಗೆ ಸರ್ಕಾರದ ಮಾಸಾಶನವೇನೋ ಉಂಟು. ಆದರೆ ಅದಕ್ಕೆ ಇಂಥ ಕೂಟದಲ್ಲಿ ಆಡಿದ್ದೆ, ಇಂಥ ಸ್ಥಾನ ಬಂತು ಅಂತ ಪ್ರಮಾಣಪತ್ರ ಬೇಕು. ಜಾತ್ರೆಯ ಮಣ್ಣು ಬೆಳ್ಳಿ ಕಡಗ ಕೊಡುತ್ತದೆ, ಪ್ರಮಾಣಪತ್ರ ಕೊಡುವುದಿಲ್ಲ. ಕಡಗವನ್ನು ಮಗಳ ಮದುವೆಗೆ ಮಾರಿದ್ದಾಯಿತು.

ಬರೆದಿಟ್ಟ ಕುಸ್ತಿ ನೋಡಲು ಡಲ್ಲಾಸ್‌ಗೆ ಹೋಗಬೇಕಾಗಿಲ್ಲ ಎನ್ನುವುದು ಬೇರೆ ಮಾತು. 2023ರ ಫೆಬ್ರುವರಿ 1ರಂದು ಕೇಂದ್ರದ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ ಪಟಾಕಿ ಹೊಡೆದರು. ಅಂದಿನಿಂದ ಆ ದುಡ್ಡಿನ ಹೆಸರಿನಲ್ಲಿ ರಾಜ್ಯ ಮತ್ತು ಕೇಂದ್ರ ಹಿಡಿದ ಕುಸ್ತಿ ಮುಗಿದಿಲ್ಲ. ‘ಕೊಡಿ’ ಅಂತ ಒಬ್ಬರು ತೊಡೆ ತಟ್ಟುತ್ತಾರೆ, ‘ಲೆಕ್ಕ ಕೊಡಿ’ ಅಂತ ಇನ್ನೊಬ್ಬರು ತೊಡೆ ತಟ್ಟುತ್ತಾರೆ. ಚುನಾವಣೆ ಹತ್ತಿರ ಬಂದಾಗ ಇಬ್ಬರೂ ಜೋರಾಗಿ ತಟ್ಟುತ್ತಾರೆ. ಇಷ್ಟು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರ ಬೆನ್ನಿಗೂ ಮಣ್ಣು ಹತ್ತಿಲ್ಲ. ಮಣ್ಣು ಹತ್ತಿರುವುದು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳುವವನ ಬೆನ್ನಿಗೆ.

ಡಲ್ಲಾಸ್‌ಗೇ ಬರೋಣ. ತನ್ನ ಊರಿನಲ್ಲಿ ಯಾರು ಗೆಲ್ಲಬೇಕೆಂದು ಬರೆಯುವವನು ಫ್ರಿಟ್ಜೇ. ಆದರೆ ವಿಶ್ವ ಚಾಂಪಿಯನ್ ಬೆಲ್ಟು ಯಾರ ಸೊಂಟಕ್ಕೆ ಅಂತ ನಿರ್ಧರಿಸುವವರು ಎನ್‌ಡಬ್ಲ್ಯುಎ ಎಂಬ ಗುತ್ತಿಗೆದಾರರ ಕೂಟದವರು. ಪಕ್ಷದ ಟಿಕೆಟ್ಟಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಯಲ್ಲಿ ಎಷ್ಟೇ ಕಸುವಿದ್ದರೂ ಮೇಲಿನವರು ಬಿ ಫಾರಂ ಕೊಡದಿದ್ದರೆ ನೀವು ಬಂಡಾಯ ಅಭ್ಯರ್ಥಿ, ಅಷ್ಟೇ. ಫ್ರಿಟ್ಜ್‌ಗೆ ಆ ಬೆಲ್ಟು ಸಿಗಲಿಲ್ಲ. ತನಗೆ ಸಿಗದ್ದು ಮಗನಿಗೆ ಸಿಗಲೇಬೇಕು ಎಂದುಕೊಂಡ. ನಮ್ಮ ತೋಟದಲ್ಲಿ ಒಂದು ಬೋರು ಫೇಲಾದರೆ ಹತ್ತಡಿ ಆಚೆ ಇನ್ನೊಂದು ಪಾಯಿಂಟ್ ಹಾಕಿಸುವ ಹಾಗೆ ಮಗನ ನಂತರ ಮಗನನ್ನು ಕೊರೆಸುತ್ತಾ ಹೋದ.

ಡೇವಿಡ್ ಸತ್ತು ಮೂರು ತಿಂಗಳು ತುಂಬಿರಲಿಲ್ಲ. 1984ರ ಮೇ 6ರಂದು ಟೆಕ್ಸಾಸ್ ಸ್ಟೇಡಿಯಂನಲ್ಲಿ ಅವನ ನೆನಪಿಗಾಗಿ ಕುಸ್ತಿ ಏರ್ಪಾಡಾಯಿತು. ಮಗನ ತಿಥಿಗೆ ಟಿಕೆಟ್ಟು ಇಟ್ಟ ಅಪ್ಪಂದಿರು ಚರಿತ್ರೆಯಲ್ಲಿ ಕಡಿಮೆ. 32 ಸಾವಿರಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಬಂದರು. ಅಲ್ಲಿ ತಮ್ಮ ಕೆರ್ರಿ, ರಿಕ್ ಫ್ಲೇರ್‌ನನ್ನು ‘ಸೋಲಿಸಿ’ ವಿಶ್ವ ಚಾಂಪಿಯನ್ ಆದ. ಡೇವಿಡ್‌ನ ಜಾಗಕ್ಕೆ ಕೆವಿನ್ನೋ ಕೆರ್ರಿಯೋ ಎಂಬುದನ್ನು ಸಿನಿಮಾದಲ್ಲಿ ಅಪ್ಪ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾನೆ. ರಾಜನೋ ಅಂಕಿಯೋ. ಆ ಬೆಲ್ಟು ಕೆರ್ರಿಯ ಸೊಂಟದ ಮೇಲೆ ಇದ್ದದ್ದು 18 ದಿನ. ಹದಿನೆಂಟು ದಿನಕ್ಕೆ ಕುರುಕ್ಷೇತ್ರ ಮುಗಿದ ಹಾಗೆ ಇಲ್ಲಿ ಮುಗಿಯಲಿಲ್ಲ. ಇನ್ನೂ ಮೂವರು ತಮ್ಮಂದಿರ ಸರದಿ ಬಾಕಿ ಇತ್ತು.

ಗಂಡುಮಕ್ಕಳು ಸಾಲದೆ ಬಂದಾಗ ಫ್ರಿಟ್ಜ್ ಮಾಡಿದ ಕೆಲಸ ಕೇಳಿದರೆ ನಮ್ಮ ಪಕ್ಷಗಳ ವರಿಷ್ಠರೂ ತಲೆದೂಗುತ್ತಾರೆ. 1985ರಲ್ಲಿ ಸಂಬಂಧವೇ ಇಲ್ಲದ ಒಬ್ಬ ಯುವಕನನ್ನು ಕರೆತಂದು ‘ಲ್ಯಾನ್ಸ್ ವಾನ್ ಎರಿಕ್, ನಮ್ಮ ದಾಯಾದಿ’ ಎಂದು ರಿಂಗಿಗೆ ಬಿಟ್ಟ. ಆಮೇಲೆ ಆತ ಕೈಕೊಟ್ಟು ಹೋದಾಗ ‘ಅವನು ನಮ್ಮವನೇ ಅಲ್ಲ’ ಅಂತ ಫ್ರಿಟ್ಜೇ ಟಿ.ವಿ.ಯಲ್ಲಿ ಹೇಳಿದ. ಹೊಳಲ್ಕೆರೆ ತಾಲ್ಲೂಕಿನವರಿಗೆ ಇದು ಹೊಸದೇನಲ್ಲ. ಐದು ವರ್ಷಕ್ಕೊಮ್ಮೆ ನಮ್ಮ ಪ್ರತಿ ಮನೆಗೂ ಒಬ್ಬ ‘ಮನೆಮಗ’ ಹುಟ್ಟುತ್ತಾನೆ, ಎಲ್ಲಿಂದಲೋ ಬಂದು ಫ್ಲೆಕ್ಸ್‌ನಲ್ಲಿ ಕೈಮುಗಿಯುತ್ತಾನೆ, ಫಲಿತಾಂಶದ ಮರುದಿನ ಮನೆ ಬಿಡುತ್ತಾನೆ.

ಹಾಗಾದರೆ ಕನ್ನಡದಲ್ಲಿ ಇಂಥ ಸಿನಿಮಾ ಯಾಕಿಲ್ಲ? ಕುಸ್ತಿಯ ಕೊರತೆಯಂತೂ ಇಲ್ಲ. ರಾಜ್‌ಕುಮಾರ್ 1960ರಲ್ಲೇ ‘ರಣಧೀರ ಕಂಠೀರವ’ನಾಗಿ ತೊಡೆ ತಟ್ಟಿದರು. ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣಿಸಿದ ಮೈಸೂರಿನ ದೊರೆಯ ಕಥೆ ಅದು. ಸುದೀಪ್ ಅವರ ‘ಪೈಲ್ವಾನ್’ 2019ರ ಸೆಪ್ಟೆಂಬರ್‌ನಲ್ಲಿ ಐದು ಭಾಷೆಯಲ್ಲಿ ಬಂತು. ಅನಾಥ ಹುಡುಗನನ್ನು ಸಾಕಿ ಪೈಲ್ವಾನ್ ಮಾಡುವ ‘ಸರ್ಕಾರ್’ ಆಗಿ ಸುನೀಲ್ ಶೆಟ್ಟಿ. ಸಾಕಿದ ಅಪ್ಪನಿಗೊಂದು ಕನಸು, ಅದು ಈಡೇರುವ ತನಕ ಹುಡುಗ ಪ್ರೀತಿ ಗೀತಿ ಅಂತ ತಲೆ ಹಾಕಬಾರದು. ಹುಡುಗ ಮದುವೆಯಾಗುತ್ತಾನೆ, ಮನೆಯಿಂದ ಆಚೆ ಬೀಳುತ್ತಾನೆ. ಟೆಕ್ಸಾಸ್‌ನ ಅಪ್ಪನ ಐದೂ ಬೆರಳು ಇಲ್ಲೂ ಇವೆ. ಆದರೆ ನಮ್ಮ ಸಿನಿಮಾಕ್ಕೆ ಆ ಬೆರಳಿನ ಗುರುತು ತೋರಿಸುವ ಧೈರ್ಯವಿಲ್ಲ. ಎರಡನೇ ಅರ್ಧಕ್ಕೆ ಬರುವಷ್ಟರಲ್ಲಿ ಪೈಲ್ವಾನ್ ಬಾಕ್ಸರ್ ಆಗಿಬಿಡುತ್ತಾನೆ. ಕುಸ್ತಿಗೆ ಕನ್ನಡ ಚಿತ್ರರಂಗ ಕೊಟ್ಟ ಗೌರವ ಎಂದರೆ ಇಂಟರ್‌ವಲ್ ತನಕ.

‘ಐರನ್ ಕ್ಲಾ’ಗಿಂತ ಸರಿಯಾಗಿ ಆರು ವಾರ ಮೊದಲು, 2023ರ ನವೆಂಬರ್ 10ಕ್ಕೆ, ಯೋಗರಾಜ ಭಟ್ಟರ ‘ಗರಡಿ’ ಬಂತು. ನಾಯಕ ಯಶಸ್ ಸೂರ್ಯ. ನಿರ್ಮಾಣ ಬಿ.ಸಿ. ಪಾಟೀಲರ ಮನೆಯದೇ, ಗರಡಿಯ ಹಿರಿಯನಾಗಿ ನಟಿಸಿದವರೂ ಅವರೇ. ಪಾಟೀಲರಿಗಿಂತ ಯೋಗ್ಯರು ಈ ಪಾತ್ರಕ್ಕೆ ಸಿಗುತ್ತಿರಲಿಲ್ಲ. ಪೊಲೀಸ್ ಇಲಾಖೆಯಿಂದ ಸಿನಿಮಾಕ್ಕೆ, ಅಲ್ಲಿಂದ ರಾಜಕೀಯಕ್ಕೆ, 2019ರಲ್ಲಿ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಜಿಗಿದು ಕೃಷಿ ಮಂತ್ರಿಯಾಗಿ, ನಮ್ಮ ಚಿತ್ರದುರ್ಗ ಜಿಲ್ಲೆಯ ಉಸ್ತುವಾರಿಯನ್ನೂ ನೋಡಿಕೊಂಡವರು. 2023ರ ಮೇ ತಿಂಗಳಲ್ಲಿ ಹಿರೇಕೆರೂರಿನ ಮತದಾರರು ಅವರನ್ನು ಚಿತ್ ಮಾಡಿದರು. ಆರು ತಿಂಗಳೊಳಗೆ ಅವರು ತೆರೆಯ ಮೇಲೆ ಬೇರೆಯವರಿಗೆ ಪಟ್ಟು ಹೇಳಿಕೊಡುತ್ತಿದ್ದರು. ಬಿದ್ದವನು ಮೀಸೆಗೆ ಮಣ್ಣಾಗಿಲ್ಲ ಅನ್ನುವುದು ಬರೀ ಗಾದೆ ಅಂದುಕೊಂಡಿದ್ದೆವು.

ಹಿಂದಿಯವರ ‘ದಂಗಲ್’ ಬಗ್ಗೆ ಹೇಳದಿದ್ದರೆ ನ್ಯಾಯವಲ್ಲ. 2016ರಲ್ಲಿ ಆ ಸಿನಿಮಾ ಬಂದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಲ್ಲಿನ ಅಪ್ಪ ಮಹಾವೀರ್ ಸಿಂಗ್ ಫೋಗಟ್ ಮಾಡುವುದಾದರೂ ಏನು? ತನಗೆ ಸಿಗದ ಪದಕ ಮಕ್ಕಳಿಗೆ ಸಿಗಬೇಕು ಅನ್ನುತ್ತಾನೆ, ನಸುಕಿಗೆ ಎಬ್ಬಿಸಿ ಓಡಿಸುತ್ತಾನೆ, ಹೆಣ್ಣುಮಕ್ಕಳ ಜಡೆ ಕತ್ತರಿಸುತ್ತಾನೆ, ಅವರಿಗೆ ಇಷ್ಟವಿದೆಯೇ ಅಂತ ಕೇಳುವುದಿಲ್ಲ. ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದಳು. ಹಾಗಾಗಿ ಅದು ತಪಸ್ಸು. ಗೆಲ್ಲದೆ ಹೋಗಿದ್ದರೆ ಅದೇ ಅಪ್ಪ, ಅದೇ ಕತ್ತರಿ, ಅದೇ ಜಡೆ. ಸಿನಿಮಾ ಮಾತ್ರ ಬೇರೆಯಾಗುತ್ತಿತ್ತು, ಅಥವಾ ಸಿನಿಮಾವೇ ಆಗುತ್ತಿರಲಿಲ್ಲ. ಫ್ರಿಟ್ಜ್ ಮತ್ತು ಮಹಾವೀರರ ನಡುವೆ ನಮಗೆ ಕಾಣುವ ವ್ಯತ್ಯಾಸ ಸ್ಕೋರ್‌ಬೋರ್ಡಿನಲ್ಲಿದೆ. ಪದಕ ಬಂದರೆ ಶಿಸ್ತಿನ ಅಪ್ಪ, ಹೆಣ ಬಂದರೆ ಕ್ರೂರ ಅಪ್ಪ. ಎರಡೂ ಬರದಿದ್ದರೆ, ನಮ್ಮ ನಿಮ್ಮಂಥ ಅಪ್ಪ.

ನಮ್ಮ ಜಿಲ್ಲೆಗೆ ಈ ಕಥೆ 1972ರಿಂದಲೇ ಗೊತ್ತು. ಆ ವರ್ಷದ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನಿಟ್ಟುಕೊಂಡು ‘ನಾಗರಹಾವು’ ತೆಗೆದರು. ದುರ್ಗದ ಕೋಟೆಯ ಬಂಡೆಗಳ ಮೇಲೆ ವಿಷ್ಣುವರ್ಧನ್ ರಾಮಾಚಾರಿಯಾಗಿ ನಿಂತರು. ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರು. ಮೇಷ್ಟ್ರಿಗೆ ರಾಮಾಚಾರಿಯೆಂದರೆ ಪ್ರಾಣ. ರಾಮಾಚಾರಿಗೆ ಮೇಷ್ಟ್ರ ಮಾತೆಂದರೆ ವೇದ. ಪ್ರೀತಿಸಿದ ಅಲಮೇಲುವನ್ನು ಬಿಡು ಅಂದರು, ಬಿಟ್ಟ. ಅವಳ ಬಾಳು ಏನಾಯಿತೆಂದು ಆಮೇಲೆ ಕಣ್ಣಾರೆ ಕಂಡ. ಮತ್ತೆ ಮಾರ್ಗರೆಟ್ಟಳನ್ನೂ ಬಿಡು ಅಂದಾಗ ಕೋಟೆಯ ಬಂಡೆಯ ತುದಿಯಲ್ಲಿ ಮೂವರೂ ಇಲ್ಲವಾದರು. ಅರ್ಧ ಶತಮಾನದಿಂದ ನಾವು ಚಾಮಯ್ಯ ಮೇಷ್ಟ್ರನ್ನು ಆದರ್ಶ ಗುರು ಎಂದು ಹೊಗಳುತ್ತಲೇ ಇದ್ದೇವೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಅವರ ಹೆಸರು ಬರುತ್ತದೆ. ‘ಮೇಷ್ಟ್ರೇ, ಹುಡುಗನ್ನ ಅವನ ಪಾಡಿಗೆ ಬಿಡಿ’ ಎಂದವರು ಒಬ್ಬರೂ ಇಲ್ಲ. ಮೆದು ಮಾತಿನಲ್ಲೂ ಉಕ್ಕಿನ ಪಟ್ಟು ಹಾಕಬಹುದು ಎನ್ನುವುದಕ್ಕೆ ಚಾಮಯ್ಯ ಮೇಷ್ಟ್ರಿಗಿಂತ ದೊಡ್ಡ ಉದಾಹರಣೆ ಫ್ರಿಟ್ಜ್ ಕೂಡ ಅಲ್ಲ.

ಕುಸ್ತಿ ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರನಖ ಸಿಕ್ಕಿಸಿಕೊಂಡು ಎದುರಾಗುತ್ತಾರೆ. ತಲೆತಲಾಂತರದಿಂದ ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ನೋಡಲು ಭಯಂಕರ, ಆದರೆ ಬಹಳ ಸಲ ನಿಮಿಷವೂ ಹಿಡಿಯುವುದಿಲ್ಲ. ಒಬ್ಬನ ತಲೆಯಲ್ಲಿ ಒಂದು ಹನಿ ರಕ್ತ ಕಂಡರೆ ಮುಗಿಯಿತು, ಕಾಳಗ ಬಂದ್. ಎರಡನೇ ಹನಿಗೆ ಕಾಯುವ ಪದ್ಧತಿಯಿಲ್ಲ. ಮಾನವ ಹಕ್ಕುಗಳ ಮಾತು ಹುಟ್ಟುವ ಮೊದಲೇ ಜಟ್ಟಿಗಳಿಗೆ ಇಷ್ಟು ತಿಳಿವಳಿಕೆ ಇತ್ತು. ಡಲ್ಲಾಸ್‌ನಲ್ಲಿ ಮೊದಲ ಹೆಣ ಬಂದಾಗಲೂ ಗಂಟೆ ಬಾರಿಸುವವರಿರಲಿಲ್ಲ, ನಾಲ್ಕನೆಯದು ಬಂದಾಗಲೂ ಇರಲಿಲ್ಲ.

ನಮ್ಮ ಮನೆಗಳಲ್ಲಿ ಇದ್ದಾರೆಯೇ? 2024ರಲ್ಲಿ ನೀಟ್ ಬರೆದ ಮಕ್ಕಳು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಲಕ್ಷದ ಆಸುಪಾಸು. ಉಳಿದವರು ಚಿತ್ ಆಗಲೇಬೇಕು ಎಂಬುದು ಅರ್ಜಿ ಹಾಕುವ ದಿನವೇ ಗೊತ್ತಿರುವ ಫಲಿತಾಂಶ. ಆ ವರ್ಷವಂತೂ ಮೊದಲು ಪ್ರಕಟವಾದ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದು, ಪ್ರಶ್ನೆಪತ್ರಿಕೆ ಸೋರಿದ ಸುದ್ದಿ ಹೊರಬಿದ್ದು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ವಾನ್ ಎರಿಕ್ ಹುಡುಗರಿಗೆ ಕನಿಷ್ಠ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುತ್ತಿದ್ದರು. ನಮ್ಮ ಹುಡುಗರಿಗೆ ಅದನ್ನೂ ಹೇಳುವುದಿಲ್ಲ. ಬೆಳಗಿನ ಜಾವ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ದಾವಣಗೆರೆಯ ಕಡೆಗೆ ಹೋಗುವ ರೈಲು ಹಿಡಿಯುವ ಮಕ್ಕಳನ್ನು ನೋಡಿ. ಬೆನ್ನಿಗೆ ಅವರ ತೂಕದ ಅರ್ಧದಷ್ಟು ಬ್ಯಾಗು. ತೂಕ ಎತ್ತುವುದೇ ಸಾಮು ಎಂದಾದರೆ ಇವರೆಲ್ಲ ಕೇಸರಿ ಪದವಿಗೆ ಅರ್ಹರು.

ಸಿನಿಮಾದಲ್ಲಿ ಮೈಕ್‌ಗೆ ಬೇಕಾಗಿದ್ದದ್ದು ಸಂಗೀತ. ಗಿಟಾರ್ ಹಿಡಿದು ತನ್ನಷ್ಟಕ್ಕೆ ಹಾಡಿಕೊಂಡಿದ್ದವನು. ಡೇವಿಡ್ ಹೋದ ಮೇಲೆ ಜಾಗ ಖಾಲಿಯಾಯಿತಲ್ಲ, ಎಳೆದು ರಿಂಗಿಗೆ ಹಾಕಿದರು. ‘ಅಣ್ಣ ಮಾಡಿದ, ನಿನಗೇನು ಧಾಡಿ?’ ಎನ್ನುವುದನ್ನು ಟೆಕ್ಸಾಸಿನವರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅಷ್ಟೇ.

ಇನ್ನೊಂದು ಸಂಗತಿ ಉಂಟು, ಇಡೀ ಸಿನಿಮಾಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಕೊನೆಯ ಮಗ ಕ್ರಿಸ್ ಆ ಸಿನಿಮಾದಲ್ಲಿ ಇಲ್ಲ. ಗೋಡೆಯ ಮೇಲಿನ ಫೋಟೋದಲ್ಲೂ ಇಲ್ಲ, ಮಾತಿನಲ್ಲೂ ಇಲ್ಲ. ಗಿಡ್ಡ ದೇಹ, ಉಬ್ಬಸ, ಔಷಧಿ ತಿಂದು ತಿಂದು ಟೊಳ್ಳಾದ ಮೂಳೆ. ಆದರೂ ಅಣ್ಣಂದಿರ ಹಾಗೆ ಕುಸ್ತಿಪಟುವಾಗಬೇಕೆಂಬ ಒಂದೇ ಹಂಬಲ. ಇಪ್ಪತ್ತೆರಡು ತುಂಬುವ ಮೊದಲೇ ಹೋದ. ನಿರ್ದೇಶಕ ಶಾನ್ ಡರ್ಕಿನ್ ಯಾಕೆ ಬಿಟ್ಟಿರಿ ಅಂತ ಕೇಳಿದವರಿಗೆ ಕೊಟ್ಟ ಕಾರಣ, ಇನ್ನೊಂದು ಸಾವನ್ನು ಸಿನಿಮಾ ತಡೆದುಕೊಳ್ಳುತ್ತಿರಲಿಲ್ಲ ಎಂಬುದು. 132 ನಿಮಿಷದ ಸಿನಿಮಾಕ್ಕೆ ಹೊರಲಾಗದ್ದನ್ನು ಆ ತಾಯಿ ಹೊತ್ತಿದ್ದಳು. ಬದುಕಿದ್ದಾಗ ರಿಂಗು ಅವನನ್ನು ಸರಿಯಾಗಿ ಸೇರಿಸಿಕೊಳ್ಳಲಿಲ್ಲ. ಸತ್ತ ಮೇಲೆ ಸಿನಿಮಾವೂ ಸೇರಿಸಿಕೊಳ್ಳಲಿಲ್ಲ.

ಡರ್ಕಿನ್‌ನನ್ನು ಬೈಯುವ ಮೊದಲು ನಮ್ಮ ಮದುವೆ ಮನೆಗಳಿಗೆ ಬನ್ನಿ. ಬೀಗರಿಗೆ ಮಕ್ಕಳ ಪರಿಚಯ ನಡೆಯುತ್ತಿರುತ್ತದೆ. ‘ಒಬ್ಬ ಬೆಂಗಳೂರಿನಾಗೆ ಸಾಫ್ಟ್‌ವೇರು, ಒಬ್ಬಳು ಡಾಕ್ಟ್ರು, ಹುಬ್ಳಿ ಕಿಮ್ಸ್‌ನಾಗೆ.’ ಅಲ್ಲಿಗೆ ಪರಿಚಯ ಮುಗಿಯುತ್ತದೆ. ಅದೇ ಹೊತ್ತಿಗೆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಓಡಾಡುತ್ತಿರುವ ಹುಡುಗನೂ ಅವರದೇ ಮಗ. ಮೂರು ಸಲ ಪಿಯುಸಿ ಕಟ್ಟಿದವನು, ತೋಟ ನೋಡಿಕೊಂಡಿರುವವನು, ಅಪ್ಪನಿಗೆ ಷುಗರ್ ಏರಿದಾಗ ರಾತ್ರೋರಾತ್ರಿ ಬೈಕಿನಲ್ಲಿ ಹೊಳಲ್ಕೆರೆಗೆ ಕರೆದೊಯ್ದವನು. ಮನೆ ನಡೆಯುತ್ತಿರುವುದು ಅವನಿಂದ. ಪರಿಚಯದ ಪಟ್ಟಿಯಲ್ಲಿ ಅವನಿಲ್ಲ, ಎಡಿಟ್ ಆಗಿದ್ದಾನೆ. ಬೀಗರು ತಾವಾಗಿಯೇ ‘ಇವರು?’ ಅಂತ ಕೇಳಿದರೆ ಉತ್ತರ ‘ನಮ್ಮುಡುಗನೇ’ ಎಂಬಲ್ಲಿಗೆ ನಿಲ್ಲುತ್ತದೆ. ಹೆಸರಿಲ್ಲ, ಕೆಲಸವಿಲ್ಲ.

ಇಷ್ಟೆಲ್ಲ ಸಾವಿಗೆ ಅಮೆರಿಕದವರು ಕಂಡುಕೊಂಡ ವಿವರಣೆ ಶಾಪ. ವಾನ್ ಎರಿಕ್ ಮನೆತನದ ಶಾಪ ಎಂದು ಪತ್ರಿಕೆಗಳು ಬರೆದವು, ಸಿನಿಮಾದ ಕೆವಿನ್ ಕೂಡ ಅದನ್ನೇ ನಂಬಿ ನಡುಗುತ್ತಾನೆ. ರಿಂಗಿಗಾಗಿ ತೊಟ್ಟ ವೇಷದ ಹೆಸರಿಗೆ ಅಸಲಿ ಶಾಪ ಅಂಟಿಕೊಂಡಿತಂತೆ. ಶಾಪ ಬಹಳ ಅನುಕೂಲದ ವಸ್ತು. ಅದಕ್ಕೆ ವಿಳಾಸವಿಲ್ಲ, ಅದನ್ನು ಕಟಕಟೆಯಲ್ಲಿ ನಿಲ್ಲಿಸಲಾಗುವುದಿಲ್ಲ, ತಿಂಡಿಯ ಮೇಜಿನಲ್ಲಿ ಕೂತು ರ‍್ಯಾಂಕ್ ಓದಿದವನ ಕಡೆ ಬೆರಳು ತೋರಿಸುವ ಕಷ್ಟ ತಪ್ಪುತ್ತದೆ. ಆ ಕುಟುಂಬ ನಮ್ಮ ಕಡೆಯ ಜ್ಯೋತಿಷಿಯ ಬಳಿ ಬಂದಿದ್ದರೆ ಜಾತಕ ಬಿಚ್ಚಿ, ಕವಡೆ ಚೆಲ್ಲಿ, ‘ಪಿತೃದೋಷ’ ಅಂತ ಚೀಟಿ ಬರೆದುಕೊಡುತ್ತಿದ್ದ. ಜ್ಯೋತಿಷ್ಯ ಸರಿಯಾಗಿ ಹೇಳಿದ ಅಪರೂಪದ ಪ್ರಕರಣ ಅದಾಗುತ್ತಿತ್ತು. ಆದರೆ ಶಾಂತಿಯ ಖರ್ಚನ್ನು ಅಪ್ಪನಿಂದಲೇ ವಸೂಲು ಮಾಡಬೇಕಲ್ಲ, ಅದಕ್ಕೆ ದೋಷವನ್ನು ಮೂರು ತಲೆಮಾರು ಹಿಂದಕ್ಕೆ ತಳ್ಳಿಬಿಡುತ್ತಿದ್ದ.

ಪೈಲ್ವಾನ್ ಯಜಮಾನರಿಗೆ ಈ ಶಾಪದ ಕಥೆಯನ್ನೂ ಹೇಳಿದೆ. ‘ಆರು ಮಕ್ಕಳು ಅಂದ್ರಿ. ಐದು ಹೋದ್ವು ಅಂದ್ರಿ. ಆ ಉಳಿದ ಒಬ್ನಾರ ಕುಸ್ತಿ ಬಿಟ್ನೋ ಇಲ್ವೋ?’ ಎಂದರು.

ಬಿಟ್ಟ. ಕೆವಿನ್ ಕುಸ್ತಿ ಬಿಟ್ಟು, ಟೆಕ್ಸಾಸನ್ನೂ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹವಾಯಿ ದ್ವೀಪಕ್ಕೆ ಹೋಗಿ ಹಲವು ವರ್ಷ ನೆಲೆಸಿದ. ಸಿನಿಮಾದಲ್ಲಿ ಮಗ ಹುಟ್ಟಿದಾಗ ಶಾಪ ತಟ್ಟದಿರಲೆಂದು ವಾನ್ ಎರಿಕ್ ಎಂಬುದನ್ನು ತೆಗೆದು ಹಳೆಯ ಆಡ್ಕಿಸನ್ ಹೆಸರನ್ನೇ ಇಡಿಸುತ್ತಾನೆ. ಕೆವಿನ್‌ನ ಇಬ್ಬರು ಗಂಡುಮಕ್ಕಳು, ರಾಸ್ ಮತ್ತು ಮಾರ್ಷಲ್, ಬೆಳೆದು ದೊಡ್ಡವರಾಗಿ ಪ್ರೊಫೆಷನಲ್ ಕುಸ್ತಿಪಟುಗಳಾಗಿದ್ದಾರೆ. ರಿಂಗಿನಲ್ಲಿ ಅವರನ್ನು ಕರೆಯುವುದು ವಾನ್ ಎರಿಕ್ ಎಂದೇ.